ಗಳಗಂಡವೂ ರೋಗನಿರ್ಣಯದ ಇತಿಹಾಸವೂ

ಜೈಮಿನಿ ಭಾರತದ ಕವಿಯಾದ ಲಕ್ಷ್ಮೀಶನು ದೇವಪುರದ ಲಕ್ಷ್ಮೀರಮಣನ ಭಕ್ತನೆಂಬುದು ವಿದಿತವೇ ಇದೆ. ಆ ದೇವಪುರವು ಕಡೂರು ಸೀಮೆಯ ದೇವನೂರೆಂದು ಬಹುಮಂದಿ ವಿದ್ವಾಂಸರು ನಿಶ್ಚಯಿಸಿರುವರು. ಸುರಪುರ ಸೀಮೆಯ ದೇವಾಪುರವಾಗಿರಬಹುದೆಂದು ಊಹಿಸಿದವರೂ ಉಂಟು. ಹೆಸರಿನ ಸಾಮ್ಯವೊಂದೇ ನಿರ್ಣಯಕ್ಕೆ ಸಾಲದೆಂಬುದೇ ಈ ಚರ್ಚೆಯಿಂದ ತಿಳಿಯತಕ್ಕ ನೀತಿ. ವೈದ್ಯಶಾಸ್ತ್ರದ ಇತಿಹಾಸದಲ್ಲಿಯೂ ಇಂಥದೇ ಒಂದು ಪ್ರಕರಣವುಂಟು. ಗಳಗಂಡವೆಂಬ ಒಂದೇ ಹೆಸರಿನ ಹಿಂದೆ ಪರಸ್ಪರ ವಿರುದ್ಧವಾದ ಎರಡು ವ್ಯಾಧಿಗಳು ಅಡಗಿರಬಹುದು. ಕೊರಳಲ್ಲಿ ಗಂಟೇ ಇಲ್ಲದೆ ಆ ಎರಡರಲ್ಲಿ ಒಂದು ದೇಹವನ್ನು ಆಕ್ರಮಿಸಿರಲೂಬಹುದು.

ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ವಾತ, ಕಫ, ಮೇದಸ್ಸುಗಳಿಂದ ಹುಟ್ಟುವ ಮೂರು ಬಗೆಯ ಗಳಗಂಡಗಳನ್ನು ಹೇಳಿದೆ. ಮೇದೋಜವಾದುದು ಸೋರೆಯ ಕಾಯಿಯಂತೆ ಸಣ್ಣ ಬುಡದಿಂದ ಜೋಲುವುದೆಂದೂ, ದೇಹದೊಡನೆಯೇ ಹಿಗ್ಗಿ ಕುಗ್ಗುವುದೆಂದೂ ಅಲ್ಲಿ ವರ್ಣನೆಯಿದೆ. ವರ್ಷ ಕಳೆದ, ಉಸಿರಾಟಕ್ಕೆ ಕಷ್ಟಪಡುವ, ಅನ್ನ ರುಚಿಸದ, ಸ್ವರ ಒಡೆದ ರೋಗಿಯನ್ನು ವೈದ್ಯನು ಬಿಡಬೇಕೆಂದು ವಿಧಿಸಿದೆ. ಕಣ್ಣಿಗೂ ಕಿವಿಗೂ ಗೋಚರವಾದುದೆಲ್ಲವೂ ಇಲ್ಲಿ ಸೂಕ್ಷ್ಮವಾಗಿ ದಾಖಲಾಗಿದೆ. ಅತಿಯಾಗಿ ಉಂಡರೂ ದೇಹ ಕೃಶವಾಗುವ ಅತ್ಯಗ್ನಿಯನ್ನು ಚರಕಸಂಹಿತೆಯು ಬೇರೊಂದು ಪ್ರಕರಣದಲ್ಲಿ ವಿವರಿಸುತ್ತದೆ. ಇದು ಇಂದಿನ ಥೈರಾಯ್ಡ್ ಉದ್ರೇಕವೇ ಎಂದು ಹೇಳುವ ಆಧುನಿಕರಿದ್ದಾರೆ. ಆದರೆ ಅತ್ಯಗ್ನಿಯನ್ನು ಕೊರಳಿನ ಗಂಟಿಗೆ ಸಂಬಂಧಿಸದಿರುವುದರಿಂದ ಹಾಗೆ ಸಮೀಕರಿಸುವುದು ಸಾಹಸವೇ ಸರಿ. ಲಕ್ಷಣಗಳು ತಿಳಿದಿದ್ದವು, ಅವುಗಳನ್ನು ಒಂದುಗೂಡಿಸುವ ಸೂತ್ರ ತಿಳಿದಿರಲಿಲ್ಲ.

ನದಿಗಳ ಗುಣವನ್ನು ಹೇಳುವಾಗ ಸುಶ್ರುತಸಂಹಿತೆಯು ಹಿಮಾಲಯದಲ್ಲಿ ಹುಟ್ಟಿದವುಗಳ ನೀರಿಗೆ ಗಳಗಂಡದ ದೋಷವನ್ನು ಆರೋಪಿಸಿ, ಸಹ್ಯಾದ್ರಿಯ ನದಿಗಳಿಗೆ ಕುಷ್ಠದ ದೋಷವನ್ನು ಹೇಳುತ್ತದೆ. ಸುರಪುರ ಸೀಮೆಯ ಕೃಷ್ಣೆಯು ಸಹ್ಯಜೆ. ಈ ಎಣಿಕೆಯನ್ನೇ ನೆಚ್ಚಿದರೆ ದೇವಾಪುರದವರಿಗೆ ಕೊರಳಿನ ವ್ಯಾಧಿಯ ಭಯವಿಲ್ಲವೆನ್ನಬೇಕಾದೀತು. ಈ ಅನುಮಾನ ಎಷ್ಟು ದುರ್ಬಲವೆಂಬುದನ್ನು ಮುಂದಿನ ಇತಿಹಾಸವು ತೋರಿಸುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಎರಡು ಚಿತ್ರಗಳು ಬೇರ್ಪಟ್ಟವು. 1835ರಲ್ಲಿ ಡಬ್ಲಿನ್ನಿನ ಗ್ರೇವ್ಸನೂ 1840ರಲ್ಲಿ ಜರ್ಮನಿಯ ಬಾಸೆಡೋವನೂ ಗಂಟು, ಎದೆಬಡಿತ, ಹೊರಚಾಚಿದ ಕಣ್ಣು ಇವು ಒಂದೇ ವ್ಯಾಧಿಯ ಅಂಗಗಳೆಂದು ಗುರುತಿಸಿದರು. 1873ರಲ್ಲಿ ಲಂಡನ್ನಿನ ಗಲ್ ಎಂಬಾತನು ಇದಕ್ಕೆ ವಿರುದ್ಧವಾದ ಸ್ಥಿತಿಯನ್ನು ವಯಸ್ಕ ಸ್ತ್ರೀಯರಲ್ಲಿ ಕಂಡನು: ಮುಖ ಊದಿಕೊಂಡಿದೆ, ಮಾತು ಮಂದ, ಬುದ್ಧಿ ಜಡ. ಗ್ರಂಥಿಯನ್ನು ಪೂರ್ತಿಯಾಗಿ ಕತ್ತರಿಸಿ ತೆಗೆದ ತನ್ನ ರೋಗಿಗಳಲ್ಲಿಯೂ ಇದೇ ಅವಸ್ಥೆ ಬಂದಿತೆಂದು ಸ್ವಿಟ್ಜರ್ಲೆಂಡಿನ ಕೋಖರನು 1883ರಲ್ಲಿ ವರದಿಮಾಡಿದನು. ಈ ಎಲ್ಲಕ್ಕೂ ಗ್ರಂಥಿಯ ಲೋಪವೇ ಕಾರಣವೆಂದು ಲಂಡನ್ನಿನ ಕ್ಲಿನಿಕಲ್ ಸೊಸೈಟಿಯು 1888ರಲ್ಲಿ ನಿರ್ಣಯಿಸಿತು. 1891ರಲ್ಲಿ ಮರ್ರೆ ಎಂಬಾತನು ಕುರಿಯ ಥೈರಾಯ್ಡಿನ ಸಾರವನ್ನು 46 ವರ್ಷದ ರೋಗಿಯೊಬ್ಬಳಿಗೆ ಚುಚ್ಚಿದನು. ಆಕೆ ಆ ಬಳಿಕ 28 ವರ್ಷ ಬದುಕಿದಳು. ಚಿಕಿತ್ಸೆಯೇ ನಿದಾನಕ್ಕೆ ಪ್ರಮಾಣವಾಯಿತು.

ಭಾರತದಲ್ಲಿ ಈ ವಿಚಾರವನ್ನು ಶೋಧಿಸಿದವರಲ್ಲಿ ರಾಬರ್ಟ್ ಮೆಕ್ಯಾರಿಸನ್ ಮುಖ್ಯನು. ಗಿಲ್ಗಿಟ್ಟಿನಲ್ಲಿ ಒಂದೇ ನೀರಿನ ಕಾಲುವೆಯನ್ನು ಅವಲಂಬಿಸಿದ ಹಳ್ಳಿಗಳಲ್ಲಿ, ಕೆಳಗೆ ಇಳಿದಂತೆಲ್ಲ ಗಂಟಿನವರ ಸಂಖ್ಯೆ ಹೆಚ್ಚುವುದನ್ನು ಆತನು ಕಂಡನು. ಸೋಸಿದ ನೀರಿನ ಕಶ್ಮಲವನ್ನು ತಾನೂ ಕುಡಿದು ಪರೀಕ್ಷಿಸಿ, ಕಲುಷಿತ ಜಲವೇ ಕಾರಣವೆಂದು ಭಾವಿಸಿದನು. ಅನಂತರ ನೀಲಗಿರಿಯ ಕೂನೂರಿನಲ್ಲಿ ಆಹಾರಸಂಶೋಧನೆಯನ್ನು ನಡೆಯಿಸಿದನು. ಅಲ್ಲಿಯ ಪ್ರಯೋಗಶಾಲೆಯು 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡಿತು. ಮಳೆಯೂ ಹಿಮವೂ ತೊಳೆದ ಮಣ್ಣಿನಲ್ಲಿ ಅಯೋಡಿನ್ ಉಳಿಯದಿರುವುದೇ ಪರ್ವತಪ್ರಾಂತದ ಗಳಗಂಡಕ್ಕೆ ಪ್ರಧಾನ ಕಾರಣವೆಂಬುದು ಇಂದು ಸ್ಥಿರವಾಗಿದೆ. 1956ರಲ್ಲಿ ರಾಮಲಿಂಗಸ್ವಾಮಿಯವರು ಕಾಂಗ್ರಾ ಕಣಿವೆಯಲ್ಲಿ ಆರಂಭಿಸಿದ ಪ್ರಯೋಗವು ಅಯೋಡಿನ್ ಬೆರೆಸಿದ ಉಪ್ಪಿನಿಂದ ಇದನ್ನು ತಡೆಯಬಹುದೆಂದು ತೋರಿಸಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಯೋಜನೆಯು ಪ್ರಾರಂಭವಾಯಿತು. ಪ್ರಾಚೀನರು ನೀರಿಗೆ ಆರೋಪಿಸಿದ ದೋಷದಲ್ಲಿ ಸ್ಥಳದ ಅರಿವು ಸರಿಯಾಗಿತ್ತು. ಹೇತುವಿನ ಅರಿವು ಇರಲಿಲ್ಲ.

ಆದರೆ ಅಯೋಡಿನ್ ದೊರೆತ ಮಾತ್ರಕ್ಕೆ ವ್ಯಾಧಿಯು ತೀರಲಿಲ್ಲ. ದೇಹವು ತನ್ನ ಗ್ರಂಥಿಯನ್ನೇ ಶತ್ರುವೆಂದು ಬಗೆದು ಕೆಡಿಸುವುದೂ ಉಂಟು, ಕೆರಳಿಸುವುದೂ ಉಂಟು. ಇದಕ್ಕೆ ಸಹ್ಯ ಹಿಮಾಲಯಗಳ ಭೇದವಿಲ್ಲ. ಗ್ರಂಥಿಯ ಕಾರ್ಯ ಕುಂದಿದವರಿಗೆ ಆಯಾಸ, ಚಳಿ ತಾಳದಿರುವಿಕೆ, ಒಣಚರ್ಮ, ಮಲಬದ್ಧತೆ, ನಿಧಾನವಾದ ನಾಡಿ. ಮೀರಿದವರಿಗೆ ಕೃಶತೆ, ಬೆವರು, ಕೈನಡುಕ, ವೇಗವಾದ ನಾಡಿ. ಇವುಗಳಲ್ಲಿ ಯಾವುದೂ ಒಂಟಿಯಾಗಿ ಪ್ರಮಾಣವಲ್ಲ. ಯಾಲೋ ಮತ್ತು ಬರ್ಸನ್ ಎಂಬವರು ಸುಮಾರು 1960ರಲ್ಲಿ ರೂಪಿಸಿದ ವಿಕಿರಣ ಮಾಪನವಿಧಾನದಿಂದ ರಕ್ತದಲ್ಲಿಯ ಅತ್ಯಲ್ಪ ಹಾರ್ಮೋನನ್ನೂ ಅಳೆಯುವುದು ಸಾಧ್ಯವಾಯಿತು. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಥೈರಾಯ್ಡನ್ನು ಪ್ರೇರಿಸುವ ಟಿಎಸ್‌ಎಚ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಥೈರಾಯ್ಡು ಸೋಮಾರಿಯಾದರೆ ಈ ಪ್ರೇರಣೆ ಏರುತ್ತದೆ, ಉದ್ರೇಕಗೊಂಡರೆ ಇಳಿಯುತ್ತದೆ. ಪಿಟ್ಯುಟರಿಯೇ ಕೆಟ್ಟಿದ್ದರೆ ಈ ಲೆಕ್ಕ ತಪ್ಪುವುದಾದುದರಿಂದ ಥೈರಾಕ್ಸಿನ್ನಿನ ಪ್ರಮಾಣವನ್ನೂ ಜೊತೆಯಲ್ಲಿ ನೋಡಬೇಕು.

ಈ ನಿರ್ಣಯದ ಫಲವು ಶಿಶುವಿನಲ್ಲಿ ಅತ್ಯಂತ ಗಂಭೀರವಾದುದು. ಗ್ರಂಥಿಯಿಲ್ಲದೆ ಹುಟ್ಟಿದ ಮಗು ಮೊದಲ ದಿನಗಳಲ್ಲಿ ಸ್ವಸ್ಥವಾಗಿಯೇ ಕಾಣುವುದು. ಲಕ್ಷಣಗಳನ್ನು ಕಾಯುತ್ತ ಕುಳಿತರೆ ಬುದ್ಧಿಯ ಹಾನಿಯನ್ನು ಮತ್ತೆ ಸರಿಪಡಿಸಲಾಗದು. ಹಿಮ್ಮಡಿಯಿಂದ ತೆಗೆದ ಒಂದು ಹನಿ ರಕ್ತವನ್ನು ಪರೀಕ್ಷಿಸಿ, ಮೊದಲ ಎರಡು ವಾರಗಳಲ್ಲಿಯೇ ಔಷಧವನ್ನು ಕೊಟ್ಟರೆ ಆ ಮಗು ಇತರರಂತೆಯೇ ಬೆಳೆಯುವುದು. ಕೆನಡದ ಕ್ವಿಬೆಕ್ಕಿನಲ್ಲಿ 1974ರಲ್ಲಿ ಈ ಕ್ರಮವು ಮೊದಲಾಯಿತು.

ಮಂದಮತಿಯೆಂದು ಕರೆಯಿಸಿಕೊಂಡ ಮಗುವೂ, ಸೋಮಾರಿಯೆಂದು ನಿಂದೆಗೊಳಗಾದ ಹೆಂಗಸೂ ಎಷ್ಟೋ ಶತಮಾನಗಳ ಕಾಲ ತಪ್ಪು ಹೆಸರನ್ನು ಹೊತ್ತು ಬಾಳಿರುವರು. ಕವಿಯ ಊರನ್ನು ನಿರ್ಣಯಿಸುವಲ್ಲಿ ತಪ್ಪಿದರೆ ಚರಿತ್ರೆಗೆ ನಷ್ಟ. ವ್ಯಾಧಿಯನ್ನು ನಿರ್ಣಯಿಸುವಲ್ಲಿ ತಪ್ಪಿದರೆ ಒಂದು ಬಾಳಿಗೇ ನಷ್ಟ. ಎರಡೆಡೆಯಲ್ಲಿಯೂ ಹೆಸರನ್ನು ದಾಟಿ ಪ್ರಮಾಣವನ್ನು ಅರಸುವುದೇ ವಿದ್ವತ್ತಿನ ಧರ್ಮ.