ಉಳುವವನ ಹೆಸರು ಪಹಣಿಗೆ ಬಂದ ಬಗೆ

ಯಾದಗಿರಿ, ಶಹಾಪುರ, ಸುರಪುರಗಳ ಚರಿತ್ರೆಯು ಆಳಿದವರದಷ್ಟೇ ಅಲ್ಲ, ನೆಲವನ್ನು ಉತ್ತವರದೂ ಹೌದು. ಸುರಪುರದ ನಾಯಕರ ಸಂಸ್ಥಾನವು 1858ರ ಬಂಡಾಯದ ತರುವಾಯ ಬ್ರಿಟಿಷರ ಕೈಸೇರಿ, 1860ರ ಒಪ್ಪಂದದಂತೆ ನಿಜಾಮರಿಗೆ ಸಂದಿತು. ಒಡೆಯರು ಬದಲಾದರೂ ಪರರ ಹೊಲವನ್ನು ಉಳುವವನ ಪಾಡು ಬದಲಾಗಲಿಲ್ಲ.

1949ರಲ್ಲಿ ಹೈದರಾಬಾದ್ ರಾಜ್ಯದ ಜಾಗೀರುಗಳು ರದ್ದಾದವು. 1950ರ ಗೇಣಿ ಕಾಯಿದೆಯು ‘ರಕ್ಷಿತ ಗೇಣಿದಾರ’ರನ್ನು ಗುರುತಿಸಿತು. 1956ರಲ್ಲಿ ನಮ್ಮ ಸೀಮೆಯು ಕನ್ನಡ ನಾಡಿನೊಡನೆ ಒಂದಾಯಿತು. ಮುಂದೆ ಭೂಸುಧಾರಣಾ ಕಾಯಿದೆಯ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರಕಾರಕ್ಕೆ ಸೇರಿದವು. ನಮೂನೆ 7ರಲ್ಲಿ ಅರ್ಜಿ ಕೊಟ್ಟ ಗೇಣಿದಾರರ ಹಕ್ಕನ್ನು ಭೂ ನ್ಯಾಯಮಂಡಳಿಗಳು ವಿಚಾರಿಸಿದವು. ಆದರೆ ಬಾಯಿಮಾತಿನ ಗೇಣಿಗೆ ರಸೀದಿ ಎಲ್ಲಿಯದು? ಅಕ್ಷರವರಿಯದವನು, ಒಡೆಯನಿಗೆ ಅಂಜಿದವನು 1979ರ ಜೂನ್ 30ರ ಗಡುವಿನೊಳಗೆ ಅರ್ಜಿ ಕೊಡದಿದ್ದರೆ ಅವನ ಹಕ್ಕು ಕಾಯಿದೆಯ ಪುಟದಲ್ಲಿಯೇ ಉಳಿಯಿತು.

2000ದ ಸುಮಾರಿಗೆ ‘ಭೂಮಿ’ ಯೋಜನೆಯು ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ತಂದಿತು. ಗ್ರಾಮ ಲೆಕ್ಕಿಗರ ಮನೆಬಾಗಿಲು ಕಾಯುವ ಕಷ್ಟ ಕಡಿಮೆಯಾಯಿತು. ಆದರೂ ಯಂತ್ರವು ಬರೆದುದನ್ನು ತೋರಿಸಬಲ್ಲದು, ಬರೆಯದೆ ಬಿಟ್ಟುದನ್ನಲ್ಲ. ಹೊಲವು ತೀರಿಹೋದ ತಂದೆಯ ಹೆಸರಿನಲ್ಲಿಯೇ ಉಳಿದರೆ ಮಕ್ಕಳು ಸಾಲಕ್ಕೂ ಪರಿಹಾರಕ್ಕೂ ಅಲೆಯಬೇಕಾಗುತ್ತದೆ.

ಆದುದರಿಂದ ಪೌತಿ ಖಾತೆಯನ್ನು ಸಕಾಲದಲ್ಲಿ ಮಾಡಿಸಿಕೊಳ್ಳೋಣ. ಉಯಿಲಿಲ್ಲದೆ ತೀರಿಕೊಂಡ ಕ್ರೈಸ್ತರ ಆಸ್ತಿಯಲ್ಲಿ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯು ಮಗನಿಗೂ ಮಗಳಿಗೂ ಸಮಪಾಲು ಕೊಟ್ಟಿದೆ. ನಮ್ಮ ಹೆಣ್ಣುಮಕ್ಕಳ ಹೆಸರೂ ಪಹಣಿಯಲ್ಲಿ ಕಾಣಲಿ. ನೂರು ವರ್ಷಗಳ ಬೆವರಿಗೆ ಸಾಕ್ಷಿಯಾಗಿ ಉಳಿಯುವುದು ಆ ಒಂದು ಸಾಲೇ.