ಜರ್ಮನಿಯ ‘ಪ್ರೆಡಿಕಾಟ್’ ವೈನ್‌ನಲ್ಲಿ ಸಕ್ಕರೆ ಇರುವುದಿಲ್ಲವೇ?

‘ಸಕ್ಕರೆ ಬೆರೆಸದ ವೈನ್, ಹಾಗಾಗಿ ಮಧುಮೇಹಿಗಳೂ ಕುಡಿಯಬಹುದು’ ಎಂಬ ಮಾತು ಅರ್ಧ ಸತ್ಯ. ಜರ್ಮನಿಯ ಲೇಬಲ್‌ಗಳನ್ನೇ ಉದಾಹರಣೆಯಾಗಿ ನೋಡೋಣ.

ದರ್ಜೆಗಳು ಯಾವುವು?
ಅಲ್ಲಿ ವೈನ್‌ಗೆ ನಾಲ್ಕು ದರ್ಜೆ: ಡಾಯ್ಚರ್ ವೈನ್, ಲಾಂಡ್‌ವೈನ್, ಕ್ವಾಲಿಟೇಟ್ಸ್‌ವೈನ್, ಪ್ರೆಡಿಕಾಟ್ಸ್‌ವೈನ್. ಕೊನೆಯ ಎರಡಕ್ಕೆ ದ್ರಾಕ್ಷಿ ಗೊತ್ತುಪಡಿಸಿದ 13 ಪ್ರದೇಶಗಳಲ್ಲಿ ಒಂದರಿಂದಲೇ ಬರಬೇಕು. ಪ್ರಯೋಗಾಲಯ ಮತ್ತು ರುಚಿ ಪರೀಕ್ಷೆಯಲ್ಲೂ ಪಾಸಾಗಬೇಕು. ಪ್ರೆಡಿಕಾಟ್ಸ್‌ವೈನ್ ತಯಾರಿಸುವಾಗ ಆಲ್ಕೋಹಾಲ್ ಹೆಚ್ಚಿಸಲು ರಸಕ್ಕೆ ಸಕ್ಕರೆ ಬೆರೆಸುವಂತಿಲ್ಲ. ಇಲ್ಲಿಯವರೆಗೆ ಮಾತು ನಿಜ.

ಅಳೆಯುವುದು ಏನನ್ನು?
ಪ್ರೆಡಿಕಾಟ್‌ನಲ್ಲಿ ಆರು ಹಂತ: ಕಾಬಿನೆಟ್, ಷ್ಪೇಟ್‌ಲೇಸೆ, ಔಸ್‌ಲೇಸೆ, ಬೇರೆನ್‌ಔಸ್‌ಲೇಸೆ, ಐಸ್‌ವೈನ್, ಟ್ರೊಕೆನ್‌ಬೇರೆನ್‌ಔಸ್‌ಲೇಸೆ. ಇವು ಕೊಯ್ಲಿನ ಹೊತ್ತಿಗೆ ದ್ರಾಕ್ಷಿ ರಸದಲ್ಲಿದ್ದ ಸಕ್ಕರೆಯ ಲೆಕ್ಕ. ಬಾಟಲಿಯಲ್ಲಿ ಉಳಿದದ್ದರ ಲೆಕ್ಕವಲ್ಲ. ಯೀಸ್ಟ್ ಆ ಸಕ್ಕರೆಯನ್ನು ಆಲ್ಕೋಹಾಲ್ ಮಾಡುತ್ತದೆ. ಹುದುಗುವಿಕೆ ಪೂರ್ತಿಯಾದರೆ ಷ್ಪೇಟ್‌ಲೇಸೆ ಕೂಡ ಸಿಹಿಯಿಲ್ಲದ ವೈನ್. ನಡುವೆ ನಿಲ್ಲಿಸಿದರೆ ಸಿಹಿ. ಕೊನೆಯ ಮೂರು ಹಂತಗಳಂತೂ ಸಾಮಾನ್ಯವಾಗಿ ಬಲು ಸಿಹಿ.

ಮೋಸಹೋಗುವ ಪದ
‘ಟ್ರೊಕೆನ್’ ಎಂದಷ್ಟೇ ಇದ್ದರೆ ಲೀಟರ್‌ಗೆ ಹೆಚ್ಚೆಂದರೆ 9 ಗ್ರಾಂ ಸಕ್ಕರೆ. ಟ್ರೊಕೆನ್‌ಬೇರೆನ್‌ಔಸ್‌ಲೇಸೆಯಲ್ಲಿ ಅದೇ ಪದ ಬಳ್ಳಿಯಲ್ಲೇ ಒಣಗಿದ ದ್ರಾಕ್ಷಿಯನ್ನು ಸೂಚಿಸುತ್ತದೆ. ಅತಿ ಸಿಹಿ ವೈನ್‌ಗಳಲ್ಲಿ ಅದೂ ಒಂದು!

ಹಾಗಾದರೆ ಮಧುಮೇಹಿಗಳು?
ಯಾವ ದರ್ಜೆಯೂ ಆರೋಗ್ಯದ ಪ್ರಮಾಣಪತ್ರವಲ್ಲ. ಸಿಹಿಯಿಲ್ಲದ ವೈನ್‌ನಲ್ಲೂ ಆಲ್ಕೋಹಾಲ್ ಇದೆ. ಇನ್ಸುಲಿನ್ ಅಥವಾ ಕೆಲವು ಸಕ್ಕರೆ ಕಾಯಿಲೆ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅದು ರಕ್ತದ ಸಕ್ಕರೆಯನ್ನು ಅಪಾಯಕಾರಿಯಾಗಿ ಇಳಿಸಬಹುದು. ಆಲ್ಕೋಹಾಲ್‌ಗೆ ಸುರಕ್ಷಿತ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

ಹಾಗಾಗಿ ನಾವು ಹೇಳುವುದಿಷ್ಟೇ: ಇಂಥ ಮೆಸೇಜ್ ಬಂದರೆ ಮುಂದೆ ಕಳುಹಿಸಬೇಡಿ, ವೈದ್ಯರನ್ನು ಕೇಳಿ.