ಅಕ್ಕಿ ಪೆಟ್ಟಿಗೆಯಲ್ಲಿದ್ದ ವೆಬ್ಲಿ: ಕೊಳ್ಳೋಕೆ ಹೋಗಿ ಕಲಿತದ್ದು

ಹೋದ ವರ್ಷ ಮಾರ್ಚ್ ತಿಂಗಳು. ಕಾಫಿ ಕುಯ್ಲು ಮುಗಿದಿತ್ತು, ಮೆಣಸೂ ಒಣಗಿ ಚೀಲ ಸೇರಿತ್ತು. ಹೂಮಳೆ ಯಾವಾಗ ಬರುತ್ತೋ ಅಂತ ಆಕಾಶ ನೋಡ್ಕೊಂಡು ಕೂತಿದ್ದಾಗ ಪಕ್ಕದ ಊರಿನ ಹಿರಿಯರೊಬ್ಬರು ಫೋನ್ ಮಾಡಿದ್ರು. "ತಮ್ಮ, ಒಂದ್ಸಲ ಮನೆ ಕಡೆ ಬಾ. ಫೋನಲ್ಲಿ ಹೇಳೋ ವಿಷ್ಯ ಅಲ್ಲ" ಅಂದ್ರು. ಅವರನ್ನ ಇಲ್ಲಿ ಗೌಡ್ರು ಅಂತಷ್ಟೇ ಕರೀತೀನಿ.

ಹೋದೆ. ಕಾಫಿ ಕೊಟ್ಟು, ಬಾಗಿಲು ಮುಂದಕ್ಕೆ ಹಾಕಿ, ಹಳೇ ಅಕ್ಕಿ ಪೆಟ್ಟಿಗೆಯಿಂದ ಎಣ್ಣೆ ಬಟ್ಟೆಯ ಗಂಟೊಂದನ್ನ ತೆಗೆದು ಮೇಜಿನ ಮೇಲಿಟ್ರು. ಒಳಗಿದ್ದದ್ದು ರಿವಾಲ್ವರ್. ಸಿನಿಮಾದಲ್ಲಿ ಕಾಣೋ ಸಣ್ಣದಲ್ಲ, ಕೈಗೆ ತಗೊಂಡ್ರೆ ಮಣಿಕಟ್ಟು ಬಾಗೋವಂಥದ್ದು. ಜೊತೆಗೆ ಒಂದು ತಗಡಿನ ಡಬ್ಬಿ, ಅದರಲ್ಲಿ ಹಸಿರು ಕಿಲುಬು ಹಿಡಿದ ನಾಲ್ಕು ತೋಟಾ.

"ನಮ್ಮ ತಾತ ಬಿಳಿ ದೊರೆ ತೋಟದಲ್ಲಿ ರೈಟರ್ ಆಗಿದ್ರಲ್ಲ, ದೊರೆ ಊರು ಬಿಡೋವಾಗ ಕೊಟ್ಟು ಹೋದದ್ದು. ನಿಂಗೆ ಹೇಗೂ ಕೋವಿ ಲೈಸೆನ್ಸ್ ಇದೆ. ಇದನ್ನೂ ಅದಕ್ಕೇ ಸೇರಿಸ್ಕೊ. ಅರವತ್ತು ಸಾವಿರ ಕೊಡು ಸಾಕು" ಅಂದ್ರು. ಅಮ್ಮೋರಿಗೆ ಮಂಡಿ ಆಪರೇಷನ್ ಆಗಬೇಕಿತ್ತು, ದುಡ್ಡಿನ ತುರ್ತು ಇತ್ತು. ಅದು ನಂಗೂ ಗೊತ್ತಿತ್ತು.

ಸುಳ್ಳು ಯಾಕೆ ಹೇಳಲಿ, ಆಸೆ ಆಯ್ತು. ಚಿಕ್ಕಂದಿನಿಂದ ಕೋವಿ ಹಿಡಿದು ಬೆಳೆದವನು ನಾನು. "ಗೌಡ್ರೇ, ಒಂದು ವಾರ ಟೈಮ್ ಕೊಡಿ, ಇದು ಏನು ಎತ್ತ ಅಂತ ತಿಳ್ಕೊಂಡು ಹೇಳ್ತೀನಿ" ಅಂದೆ. ಅದರ ಮೇಲಿದ್ದ ಗುರುತುಗಳನ್ನೆಲ್ಲ ಚೀಟಿಯಲ್ಲಿ ಬರ್ಕೊಂಡು ಬಂದೆ. ಆ ವಾರ ಓದಿ ತಿಳಿದದ್ದನ್ನ ನಿಮಗೂ ಹೇಳ್ಬೇಕು ಅನ್ನಿಸಿ ಇದನ್ನ ಬರೀತಿದ್ದೀನಿ.

ಎಡಗಡೆ ಕೊರೆದಿದ್ದ ಹೆಸರು ವೆಬ್ಲಿ, ಮಾರ್ಕ್ 6, ಇಸವಿ 1917. ವೆಬ್ಲಿ ಅಂಡ್ ಸ್ಕಾಟ್ ಅನ್ನೋದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಕಂಪನಿ. ಇವರ ರಿವಾಲ್ವರನ್ನ ಬ್ರಿಟಿಷ್ ಸೇನೆ ಮೊದಲು ಒಪ್ಪಿಕೊಂಡದ್ದು 1887ರಲ್ಲಿ. ಆಮೇಲೆ ಸಣ್ಣಪುಟ್ಟ ಬದಲಾವಣೆ ಮಾಡ್ತಾ ಮಾರ್ಕ್ 2, 3 ಅಂತ ನಂಬರ್ ಏರಿಸ್ತಾ ಬಂದ್ರು. ಮೊದಲನೇ ಮಹಾಯುದ್ಧದ ಮಧ್ಯೆ, 1915ರಲ್ಲಿ ಬಂದದ್ದು ಮಾರ್ಕ್ 6. ಆರು ಇಂಚಿನ ನಳಿಗೆ, ಚೌಕಾಕಾರದ ಹಿಡಿ, ಒಂದು ಕೆಜಿಗಿಂತ ಸ್ವಲ್ಪ ಜಾಸ್ತಿ ತೂಕ, ಆರು ಗುಂಡು. 1932ರಲ್ಲಿ ಸೇನೆ .38 ಬೋರಿನ ಎನ್‌ಫೀಲ್ಡ್‌ಗೆ ಬದಲಾಯಿಸಿಕೊಳ್ಳೋ ತನಕ ಇದೇ ಅವರ ಅಧಿಕೃತ ರಿವಾಲ್ವರ್. ಎರಡನೇ ಮಹಾಯುದ್ಧದಲ್ಲೂ ಎಷ್ಟೋ ಜನರ ಸೊಂಟದಲ್ಲಿ ಇದು ಇತ್ತು.

ಇದರ ಕೆಲಸದ ರೀತಿ ನಮ್ಮ ತೋಟಾ ಕೋವಿ ಬಳಸೋರಿಗೆ ತಟ್ಟನೆ ಅರ್ಥ ಆಗುತ್ತೆ. ನಾವು ಕೋವಿ ಮುರಿದು ತೋಟಾ ತುಂಬ್ತೀವಲ್ಲ, ಇದೂ ಹಾಗೇ. ಮೇಲಿನ ಚಿಲಕವನ್ನ ಹೆಬ್ಬೆರಳಲ್ಲಿ ಒತ್ತಿ ನಳಿಗೆಯನ್ನ ಕೆಳಕ್ಕೆ ಬಗ್ಗಿಸಿದ್ರೆ ನಡುವೆ ತೆರೆದುಕೊಳ್ಳುತ್ತೆ. ಹಾಗೆ ಬಗ್ಗಿಸೋವಾಗಲೇ ನಕ್ಷತ್ರದ ಆಕಾರದ ಒಂದು ತುಂಡು ಮೇಲೆದ್ದು ಆರೂ ಖಾಲಿ ತೋಟಾಗಳನ್ನ ಒಟ್ಟಿಗೆ ಹೊರಗೆ ಚೆಲ್ಲುತ್ತೆ. ಕೆಸರಿನ ಕಂದಕಗಳಲ್ಲಿ ನಡೆದ ಆ ಯುದ್ಧದಲ್ಲಿ ಇದಕ್ಕೆ ಒಳ್ಳೇ ಹೆಸರು ಬಂತು. ಕೊಳೆ ಹತ್ತಿದ್ರೂ ಕೈ ಕೊಡೋದು ಕಮ್ಮಿ ಅಂತ.

ಇನ್ನೊಂದು ಗುರುತು ನನ್ನ ಕುತೂಹಲ ಕೆರಳಿಸ್ತು. ಸಣ್ಣದೊಂದು ಬಾಣದ ಗುರುತು, ಅದರ ಮೂತಿಗೆ ಮೂತಿ ತಾಗಿಸಿ ಇನ್ನೊಂದು ಬಾಣ. ಒಂದೇ ಬಾಣ ಇದ್ರೆ ಬ್ರಿಟಿಷ್ ಸರ್ಕಾರದ ಮಾಲು ಅಂತ ಅರ್ಥ. ಎರಡು ಬಾಣ ಎದುರುಬದುರಾಗಿದ್ರೆ, ಸೇನೆಯಿಂದ ಅದನ್ನ ಮಾರಿ ಕೈ ಬಿಟ್ಟಿದ್ದಾರೆ ಅಂತ. ಆ ಕಾಲದ ಬ್ರಿಟಿಷ್ ಅಧಿಕಾರಿಗಳು ರಿವಾಲ್ವರನ್ನ ಸ್ವಂತ ದುಡ್ಡಲ್ಲೇ ಕೊಳ್ಳಬಹುದಿತ್ತು, ಸೇನೆಯ ತೋಟಾ ಅದಕ್ಕೆ ಹೊಂದಬೇಕು ಅನ್ನೋದು ಷರತ್ತು. ಹಾಗೆ ಕೊಂಡದ್ದಾಗಿದ್ರೆ ಸರ್ಕಾರದ ಬಾಣ ಇರ್ತಿರಲಿಲ್ಲ. ಅಂದ್ರೆ ನಮ್ಮ ದೊರೆಯ ರಿವಾಲ್ವರ್ ಸೇನೆಯಲ್ಲಿ ದುಡಿದು, ಆಮೇಲೆ ಮಾರಾಟವಾಗಿ ಅವನ ಕೈ ಸೇರಿದ್ದು ಅಂತ ನನ್ನ ಲೆಕ್ಕ.

ಈಗ ಮುಖ್ಯ ಪ್ರಶ್ನೆ: ಇಷ್ಟು ದಪ್ಪ ಬೋರು ಯಾಕೆ? .455 ಅಂದ್ರೆ ಸುಮಾರು ಹನ್ನೊಂದೂವರೆ ಮಿಲಿಮೀಟರ್. ಸೀಸದ ಗುಂಡಿನ ತೂಕ 17 ಗ್ರಾಂ. ವೇಗ ಮಾತ್ರ ಸೆಕೆಂಡಿಗೆ 190 ಮೀಟರ್ ಆಸುಪಾಸು. ಅದೇ ಸೇನೆಯ .303 ರೈಫಲ್ ಗುಂಡಿನ ವೇಗ 740ರ ಹತ್ತಿರ. ಇದು ದೂರ ಹೊಡೆಯೋಕೆ ಮಾಡಿದ್ದಲ್ಲ. ಹತ್ತು ಹೆಜ್ಜೆ ದೂರದಲ್ಲಿ ಮೈಮೇಲೆ ಬೀಳೋಕೆ ಬರೋ ಮನುಷ್ಯನನ್ನ ನಿಂತಲ್ಲೇ ನಿಲ್ಲಿಸೋಕೆ ಮಾಡಿದ್ದು. ಯಾವ ಮನುಷ್ಯ? ಆಫ್ರಿಕಾದವನು, ಅಫ್ಘನ್ ಗಡಿಯವನು, ನಮ್ಮವನು. ಕತ್ತಿ, ಭರ್ಜಿ ಹಿಡಿದು ನುಗ್ಗೋರಿಗೆ ಸಣ್ಣ ಗುಂಡು ಸಾಕಾಗಲ್ಲ ಅನ್ನೋ ವಾದ ಆಗ ಜೋರಾಗಿತ್ತು. 1898ರಲ್ಲಿ ಈ ರಿವಾಲ್ವರುಗಳಿಗೆ ಮೂತಿ ಟೊಳ್ಳಾದ ಗುಂಡೊಂದನ್ನ ತಂದ್ರು, ಮೈಗೆ ಬಿದ್ದ ಮೇಲೆ ಅಗಲ ಆಗೋವಂಥದ್ದು. ಅದೇ ಹೊತ್ತಿಗೆ ಕಲ್ಕತ್ತಾ ಪಕ್ಕದ ಡಮ್‌ಡಮ್ ಕಾರ್ಖಾನೆಯಲ್ಲಿ ರೈಫಲ್‌ಗೂ ಇಂಥದ್ದೇ ಗುಂಡು ಮಾಡಿದ್ರು, 'ಡಮ್‌ಡಮ್ ಬುಲೆಟ್' ಅನ್ನೋ ಹೆಸರು ಬಂದದ್ದು ಅಲ್ಲಿಂದ. 1899ರ ಹೇಗ್ ಸಮ್ಮೇಳನದಲ್ಲಿ ಬೇರೆ ದೇಶಗಳು ಇದು ಅಮಾನುಷ ಅಂತ ನಿಷೇಧಕ್ಕೆ ಒಪ್ಪಿದ ಮೇಲೆ ರಿವಾಲ್ವರಿನ ಆ ಗುಂಡನ್ನೂ ಹಿಂದಕ್ಕೆ ತಗೊಂಡ್ರು.

ಇದನ್ನ ಓದಿದ ರಾತ್ರಿ ನನ್ನ ಆಸೆ ಅರ್ಧ ಇಳಿದಿತ್ತು. ನಮ್ಮ ಕೋವಿಗೆ ಹಂದಿಯ ಕಥೆ ಇದೆ, ಗದ್ದೆ ಕಾಯೋ ಕಥೆ ಇದೆ. ದೊರೆಯ ಸೊಂಟದಲ್ಲಿದ್ದ ಈ ಕಬ್ಬಿಣ ಕಾಯ್ತಿದ್ದದ್ದು ಹಂದಿಯಿಂದ ಬೆಳೆಯನ್ನಲ್ಲ. 1878ರ ಆಯುಧ ಕಾನೂನಿನಲ್ಲಿ ಈ ದೇಶದವರಿಗೆ ಲೈಸೆನ್ಸ್ ಬೇಕಿತ್ತು, ಯುರೋಪಿನವರಿಗೆ ಹೆಚ್ಚುಕಮ್ಮಿ ವಿನಾಯಿತಿ ಇತ್ತು. ದೊರೆ ಚೀಟಿಯಿಲ್ಲದೆ ಇಟ್ಕೊಳ್ಳೋದನ್ನ ಅವನ ರೈಟರ್ ಅರ್ಜಿ ಬರೆದು ಕೇಳ್ಬೇಕಿತ್ತು.

ಉಳಿದರ್ಧ ಆಸೆ ಇಳಿಸಿದ್ದು ಇವತ್ತಿನ ಕಾನೂನು. ಇದನ್ನ ಎಲ್ಲರೂ ಗಮನ ಕೊಟ್ಟು ಓದಿ. 1959ರ ಆಯುಧ ಕಾನೂನಿನ ನಿಯಮಗಳಲ್ಲಿ ಸೇನೆಯ ತೋಟಾ ಹೊಂದೋ ಬೋರುಗಳನ್ನ ನಿಷೇಧಿತ ಬೋರು ಅಂತ ಪಟ್ಟಿ ಮಾಡಿದ್ದಾರೆ. .303 ರೈಫಲ್, ಸೇನೆಯ 9 ಎಂಎಂ, .380, ಜೊತೆಗೆ .455 ಕೂಡ ಹೆಸರಿಟ್ಟೇ ಇದೆ. ನಮ್ಮ ಬೆಳೆ ರಕ್ಷಣೆ ಲೈಸೆನ್ಸಿಗೆ ಇದನ್ನ 'ಸೇರಿಸ್ಕೊಳ್ಳೋಕೆ' ಆಗಲ್ಲ. ಜಿಲ್ಲಾಧಿಕಾರಿ ಕೊಡೋ ಸಾಧಾರಣ ಲೈಸೆನ್ಸ್ ಇದಕ್ಕೆ ಸಾಲದು, ಕೇಂದ್ರ ಸರ್ಕಾರದ ವಿಶೇಷ ಅನುಮತಿ ಬೇಕು. ಅನುಮತಿ ಇಲ್ಲದೆ ಮನೇಲಿಟ್ರೆ, 2019ರ ತಿದ್ದುಪಡಿ ಆದ ಮೇಲೆ, 7 ವರ್ಷದಿಂದ 14 ವರ್ಷ ಜೈಲು. ಗೌಡ್ರ ಹತ್ತಿರ ಇದ್ದದ್ದು ತಾತನ ಹಳೇ ಲೈಸೆನ್ಸ್ ಪುಸ್ತಕ ಒಂದೇ, ಅದರಲ್ಲಿ ಕೊನೇ ಸೀಲು 1958ರದ್ದು.

ಆ ನಾಲ್ಕು ತೋಟಾ ವಿಷಯವೂ ಹೇಳ್ತೀನಿ. ಯುದ್ಧ ಮುಗಿದ ಮೇಲೆ ಸಾವಿರಾರು ವೆಬ್ಲಿಗಳು ಅಮೆರಿಕಕ್ಕೆ ಹೋದವು. ಅಲ್ಲಿ .455 ತೋಟಾ ಸುಲಭಕ್ಕೆ ಸಿಗಲ್ಲ ಅಂತ ಸಿಲಿಂಡರಿನ ಹಿಂಭಾಗ ಸವೆಸಿ, ಅಲ್ಲಿನ .45 ಪಿಸ್ತೂಲಿನ ತೋಟಾ ಹಾಕೋ ಹಾಗೆ ಮಾಡಿದ್ರು. ಆ ತೋಟಾದ ಒತ್ತಡ ವೆಬ್ಲಿ ತಡೆಯೋದಕ್ಕಿಂತ ಜಾಸ್ತಿ. ಸಿಲಿಂಡರ್ ಸೀಳೋ ಅಪಾಯ ಇದೆ ಅಂತ ಬಲ್ಲವರು ಇವತ್ತಿಗೂ ಎಚ್ಚರಿಸ್ತಾರೆ. 'ಹೊಂದುತ್ತೆ' ಅನ್ನೋದು ಬೇರೆ, 'ತಡೆಯುತ್ತೆ' ಅನ್ನೋದು ಬೇರೆ. ಹಳೇ ಕೋವಿಗೆ ಸಿಕ್ಕಿದ ತೋಟಾ ತುರುಕೋರು ನಮ್ಮಲ್ಲೂ ಇದ್ದಾರೆ, ಅವರಿಗೆ ಈ ಮಾತು.

ವಾರ ಆದ ಮೇಲೆ ಗೌಡ್ರ ಮನೆಗೆ ಹೋಗಿ ಎಲ್ಲ ಬಿಡಿಸಿ ಹೇಳ್ದೆ. ಅವರ ಮುಖ ಬಿಳಿಚಿಕೊಂಡ್ತು. "ಅರವತ್ತು ವರ್ಷದ ಮೇಲಾಯ್ತಲ್ಲ ಮಾರಾಯ, ಈಗ ಕೊಂಡ್ಹೋದ್ರೆ ನನ್ನನ್ನೇ ಒಳಗೆ ಹಾಕಿದ್ರೆ? ರಾತ್ರಿ ಹೋಗಿ ಹೊಳೆಗೆ ಎಸೆದು ಬರ್ತೀನಿ" ಅಂದ್ರು. ಹೊಳೆಗೆ ಎಸೆದದ್ದು ಬೇಸಿಗೇಲಿ ಯಾವ ಹುಡುಗನ ಕೈಗೆ ಸಿಗುತ್ತೋ ಯಾರಿಗೆ ಗೊತ್ತು? ಬೇಡ ಅಂದೆ. ಇಟ್ಕೊಳ್ಳೋ ಹಕ್ಕು ಇಲ್ಲದ ಆಯುಧವನ್ನ ತಡಮಾಡದೆ ಠಾಣೆಗೆ ಒಪ್ಪಿಸಬೇಕು ಅಂತ ಅದೇ ಕಾನೂನಿನ 21ನೇ ಕಲಂ ಹೇಳುತ್ತೆ.

ನಾವು ಮೊದಲು ವಕೀಲರನ್ನ ಕಂಡೆವು. ತಾತನ ಪುಸ್ತಕದ ನಕಲು ಇಟ್ಟು, ಹೇಗೆ ಸಿಕ್ಕಿತು ಅಂತ ಬರೆದು, ವಕೀಲರೇ ಠಾಣೆಗೆ ಮೊದಲೇ ತಿಳಿಸಿ, ಅವರ ಜೊತೆಯಲ್ಲೇ ಒಪ್ಪಿಸಿ ರಸೀದಿ ತಗೊಂಡ್ವಿ. ಎದೆ ಢವಗುಟ್ಟಿದ್ದು ನಿಜ. ಗೌಡ್ರ ಮೇಲೆ ಕೇಸ್ ಆಗಲಿಲ್ಲ. ಎಲ್ಲ ಕಡೆ ಹೀಗೇ ಆಗುತ್ತೆ ಅಂತ ನಾನು ಹೇಳಲ್ಲ, ಅದಕ್ಕೇ ವಕೀಲರನ್ನ ಬಿಟ್ಟು ಹೋಗ್ಬೇಡಿ.

ದುಡ್ಡಿನ ವಿಷಯ ಉಳೀತು. ಮುಂದಿನ ಸಲದ ಮೆಣಸಿನ ಫಸಲಿಗೆ ಗೌಡ್ರಿಗೆ ಅರವತ್ತು ಸಾವಿರ ಮುಂಗಡ ಕೊಟ್ಟೆ. ಆಪರೇಷನ್ ಆಯ್ತು. ಅಮ್ಮೋರು ಈಗ ಕೋಲಿಲ್ಲದೆ ಕಣದ ತನಕ ಬರ್ತಾರೆ. ಈ ಫೆಬ್ರವರಿಯಲ್ಲಿ ಮೆಣಸು ಕೊಯ್ದು ಲೆಕ್ಕ ಚುಕ್ತಾ ಮಾಡಿದ್ವಿ. ನಂಗೇನೂ ನಷ್ಟ ಆಗಲಿಲ್ಲ.

ಚುನಾವಣೆ ಬಂದಾಗಲೆಲ್ಲ ಕೋವಿ ಹೊತ್ಕೊಂಡು ಠಾಣೆ ಮುಂದೆ ಸಾಲು ನಿಂತು ಬೈಕೊಳ್ಳೋ ನಾವು, ಅಟ್ಟದ ಮೇಲೆ ಏನಿದೆ ಅಂತ ನೋಡಿರಲ್ಲ. ಹಳೇ ದೊರೆ ತೋಟಗಳ ಸುತ್ತಮುತ್ತಲಿನ ಮನೆಗಳಲ್ಲಿ ಇಂಥ ಗಂಟು ಇನ್ನೂ ಇರಬಹುದು. ಈ ಮಳೆಗಾಲ ಶುರುವಾಗೋಕೆ ಮುಂಚೆ ಒಂದ್ಸಲ ಅಟ್ಟ, ಪೆಟ್ಟಿಗೆ ತೆಗೆದು ನೋಡಿ. ಲೈಸೆನ್ಸ್ ಯಾರ ಹೆಸರಲ್ಲಿದೆ, ಅವರು ಬದುಕಿದ್ದಾರಾ, ರಿನ್ಯೂವಲ್ ತಾರೀಕು ಯಾವುದು, ಬೋರು ಎಷ್ಟು, ಈ ನಾಲ್ಕು ನೋಡ್ಕೊಳ್ಳಿ. ಅನುಮಾನ ಬಂದ್ರೆ ಮುಟ್ಟೋಕೆ, ಮಾರೋಕೆ ಹೋಗದೆ ವಕೀಲರನ್ನ ಕೇಳಿ. ದೊರೆ ಬಿಟ್ಟು ಹೋದ ಭಾರ ಮೊಮ್ಮಕ್ಕಳ ತಲೆಗೆ ಬರೋದು ಬೇಡ.